18 ವೋಲ್ಟ್ ಪೆಡಲ್ ಕೈಕೊಟ್ಟಾಗ ಎಲ್ಲಿಂದ ಅಳೆಯಬೇಕು

ಮನೆಯಲ್ಲೇ ಕಟ್ಟಿದ ಗಿಟಾರ್ ಪೆಡಲ್ ಸದ್ದು ಮಾಡದಿದ್ದರೆ ಹೆಚ್ಚಿನವರ ಕೈ ಮೊದಲು ಹೋಗುವುದು ಸೋಲ್ಡರಿಂಗ್ ಐರನ್ ಕಡೆಗೆ. ಆಪ್-ಆಂಪ್ (ಸಿಗ್ನಲನ್ನು ಹಿಗ್ಗಿಸುವ ಐಸಿ) ಬದಲಿಸುತ್ತಾರೆ, ಜಾಕ್ ಬಿಚ್ಚುತ್ತಾರೆ, ಇದ್ದಬದ್ದ ಬೆಸುಗೆಗಳ ಮೇಲೆಲ್ಲ ಇನ್ನೊಂದು ಸಲ ಸೀಸ ಸುರಿಯುತ್ತಾರೆ. 9 ವೋಲ್ಟಿನ ಸಾದಾ ಪೆಡಲ್‌ಗೆ ಇದು ಒಮ್ಮೊಮ್ಮೆ ಫಲಿಸೀತು. 18 ಅಥವಾ ಅದಕ್ಕೂ ಹೆಚ್ಚು ವೋಲ್ಟ್ ಬೇಡುವ ಪೆಡಲ್‌ಗಳ ಕತೆ ಬೇರೆ. ಅಲ್ಲಿ ಮೊದಲು ಅನುಮಾನಿಸಬೇಕಾದದ್ದು ಆಡಿಯೋ ಸರ್ಕ್ಯೂಟನ್ನಲ್ಲ, ಅದಕ್ಕೆ ಕರೆಂಟ್ ತಲುಪಿಸುವ ದಾರಿಯನ್ನು. ಅಡಾಪ್ಟರಿನ ತುದಿಯಿಂದ ಐಸಿಯ ಕಾಲಿನವರೆಗೆ ಮಲ್ಟಿಮೀಟರ್ ಹಿಡಿದು ಸಾಗಿದರೆ ದೋಷ ಎಲ್ಲಿದೆ ಎಂಬುದನ್ನು ಮೀಟರಿನ ಅಂಕಿಯೇ ಹೇಳಿಬಿಡುತ್ತದೆ.

ಅದಕ್ಕೂ ಮೊದಲು ಒಂದು ಮಾತು. ಎಲ್ಲ ಪೆಡಲ್‌ಗೂ 18 ವೋಲ್ಟ್ ಕೊಟ್ಟರೆ ನಾದ ಸುಧಾರಿಸುತ್ತದೆ ಎಂಬುದು ಬರೀ ನಂಬಿಕೆ. ಡಯೋಡ್‌ಗಳಿಂದ ಕ್ಲಿಪ್ ಮಾಡುವ ಓವರ್‌ಡ್ರೈವ್‌ನಲ್ಲಿ ಸಿಗ್ನಲ್ ಎಲ್ಲಿ ಮೊಟಕಾಗಬೇಕು ಎಂದು ತೀರ್ಮಾನಿಸುವುದು ಡಯೋಡಿನ ಸ್ವಂತ ವೋಲ್ಟೇಜ್. ಸಿಲಿಕಾನ್ ಆದರೆ ಸುಮಾರು 0.6. ಸಪ್ಲೈ ದುಪ್ಪಟ್ಟಾದರೂ ಅದು ಕದಲುವುದಿಲ್ಲ. ಹೆಚ್ಚುವರಿ ವೋಲ್ಟೇಜಿನಿಂದ ನಿಜವಾಗಿ ಲಾಭ ಪಡೆಯುವುದು ಕ್ಲೀನ್ ಬೂಸ್ಟ್, ಬಫರ್, ಈಕ್ವಲೈಸರ್, ಜೆಫೆಟ್ ಟ್ರಾನ್ಸಿಸ್ಟರ್‌ಗಳಲ್ಲಿ ಕಟ್ಟಿದ ಆಂಪ್ ಮಾದರಿಯ ಪೆಡಲ್‌ಗಳು, ಮತ್ತು ಕ್ಲೀನ್ ಸಿಗ್ನಲನ್ನೂ ಕ್ಲಿಪ್ ಆದ ಸಿಗ್ನಲನ್ನೂ ಕೊನೆಯಲ್ಲಿ ಬೆರೆಸುವ, ಕ್ಲೋನ್ (Klon) ಎಂಬ ಹೆಸರಾಂತ ಪೆಡಲಿನ ಜಾತಿಯವು. ನಿಮ್ಮದು ಈ ಗುಂಪಿಗೆ ಸೇರದಿದ್ದರೆ 9ಕ್ಕೇ ಇಳಿಸಿಬಿಡುವುದೂ ಒಂದು ರಿಪೇರಿಯೇ.

ಹೆಚ್ಚುವರಿ ವೋಲ್ಟ್ ಬರುತ್ತಿರುವುದು ಎಲ್ಲಿಂದ?

ಇದನ್ನು ತಿಳಿಯದೆ ಅಳೆಯಲು ಕೂತರೆ ಅಂಕಿಗಳಿಗೆ ಅರ್ಥವಿರುವುದಿಲ್ಲ. ಹೊರಗಿನ ಅಡಾಪ್ಟರೇ 18 ಕೊಡುತ್ತಿರಬಹುದು. ಪವರ್ ಸಪ್ಲೈಯ ಎರಡು 9 ವೋಲ್ಟ್ ಔಟ್‌ಪುಟ್‌ಗಳನ್ನು ಸೀರೀಸ್ ಕೇಬಲ್ಲಿನಲ್ಲಿ ಕೂಡಿಸಿರಬಹುದು. ಪೆಡಲ್ ಒಳಗೇ ಎಂಟು ಕಾಲಿನ ಚಾರ್ಜ್ ಪಂಪ್ ಐಸಿ ಕೂತು 9ನ್ನು 18 ಮಾಡುತ್ತಿರಬಹುದು; ಮ್ಯಾಕ್ಸ್1044, ಐಸಿಎಲ್7660ಎಸ್, ಟಿಸಿ1044ಎಸ್, ಎಲ್‌ಟಿ1054 ಇವು ನಮಗೆ ಎದುರಾಗುವ ಹೆಸರುಗಳು. ಇಲ್ಲವೇ ಪುಟ್ಟ ನೀಲಿ ಬೋರ್ಡಿನ ಬೂಸ್ಟ್ ಕನ್ವರ್ಟರ್ ಇರಬಹುದು.

ಒಳಗೆ ಪಂಪ್ ಇರುವ ಪೆಡಲ್‌ಗೆ ಹೊರಗಿನಿಂದಲೂ 18 ಕೊಟ್ಟದ್ದೇ ಎಷ್ಟೋ ಐಸಿಗಳ ಸಾವಿಗೆ ಕಾರಣ. ಮ್ಯಾಕ್ಸ್1044 ತಡೆಯುವ ಪರಮಾವಧಿ 10.5 ವೋಲ್ಟ್. ಟಿಸಿ1044ಎಸ್ ಮತ್ತು 7660ಎಸ್‌ಗಳು 12ರವರೆಗೆ ಕೆಲಸ ಮಾಡುತ್ತವೆ, ಎಲ್‌ಟಿ1054 15ರವರೆಗೆ. 18 ಕೊಟ್ಟರೆ ಇವುಗಳಲ್ಲಿ ಯಾವುದೂ ಬದುಕುವುದಿಲ್ಲ.

ಅಡಾಪ್ಟರನ್ನು ಬರಿದೇ ಅಳೆದರೆ ಸಾಲದು

ಮೀಟರನ್ನು ಡಿಸಿ 20 ವೋಲ್ಟಿಗೆ ತಿರುಗಿಸಿ. ಕೆಂಪು ಪ್ರೋಬನ್ನು ಪ್ಲಗ್ಗಿನ ಒಳಗಿನ ತೂತಿಗೆ, ಕಪ್ಪನ್ನು ಹೊರಗಿನ ಲೋಹಕ್ಕೆ ಹಿಡಿಯಿರಿ. ಗಿಟಾರ್ ಪೆಡಲ್ ಲೋಕದ ರೂಢಿ ಸೆಂಟರ್ ನೆಗೆಟಿವ್. ಹಾಗಾಗಿ ಮೀಟರ್ ಮೈನಸ್ ಗುರುತಿನೊಂದಿಗೆ ಅಂಕಿ ತೋರಿಸಬೇಕು. ಮೈನಸ್ ಕಾಣದಿದ್ದರೆ ಕೈಯಲ್ಲಿರುವುದು ವೈಫೈ ರೂಟರಿನದೋ ಸಿಸಿಟಿವಿ ಕ್ಯಾಮೆರಾದ್ದೋ ಅಡಾಪ್ಟರ್ ಇದ್ದೀತು. ಅವು ಸಾಮಾನ್ಯವಾಗಿ 12 ವೋಲ್ಟ್, ಸೆಂಟರ್ ಪಾಸಿಟಿವ್. ಪ್ಲಗ್ ಮಾತ್ರ ನೋಡಲು ಅದೇ, ಪೆಡಲ್ ಜಾಕಿಗೆ ಸಲೀಸಾಗಿ ಕೂರುತ್ತದೆ.

ನಮ್ಮ ಅಂಗಡಿಗಳಲ್ಲಿ ಎಲಿಮಿನೇಟರ್ ಎಂದು ಮಾರುವ, ಪಕ್ಕದಲ್ಲಿ 3ರಿಂದ 12ರವರೆಗೆ ಸ್ವಿಚ್ ಇರುವ ಹಳೆಯ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ರೆಗ್ಯುಲೇಟರ್ ಇರುವುದಿಲ್ಲ. ಸ್ವಿಚ್ 9ರಲ್ಲಿದ್ದರೂ ಏನನ್ನೂ ಸಿಕ್ಕಿಸದೆ ಅಳೆದರೆ 12, 13, ಒಮ್ಮೊಮ್ಮೆ 14 ಕಾಣುತ್ತದೆ. ಪೆಡಲ್ ಎಳೆಯುವುದು 10-20 ಮಿಲಿಆಂಪ್ ಅಷ್ಟೇ. ಆ ಲೋಡಿಗೆ ವೋಲ್ಟೇಜ್ 9ಕ್ಕೆ ಇಳಿಯುವುದೇ ಇಲ್ಲ. ಮ್ಯಾಕ್ಸ್1044ಕ್ಕೆ ಅಷ್ಟು ಸಾಕು. "9 ವೋಲ್ಟೇ ಕೊಟ್ಟಿದ್ದೆ, ಆದರೂ ಐಸಿ ಹೋಯಿತು" ಎನ್ನುವವರ ಅಡಾಪ್ಟರನ್ನು ಮೊದಲು ಅಳೆದು ನೋಡಿ.

ಇದರ ತಿರುಗಾ ಮುರುಗಾ ದೋಷವೂ ಉಂಟು: ಬರಿದೇ ಅಳೆದರೆ ಸರಿಯಾದ ಅಂಕಿ, ಪೆಡಲ್ ಸಿಕ್ಕಿಸಿದೊಡನೆ ಕುಸಿತ. ಇದನ್ನು ಹಿಡಿಯಲು 100 ಓಮ್, 2 ವಾಟಿನ ರೆಸಿಸ್ಟರನ್ನು ಅಡಾಪ್ಟರಿಗೆ ಅಡ್ಡ ಹಾಕಿ. 9 ವೋಲ್ಟಿಗೆ 90 ಮಿಲಿಆಂಪ್ ಹರಿಯುತ್ತದೆ. ಆಗಲೂ 9ರ ಆಸುಪಾಸು ನಿಂತರೆ ಅಡಾಪ್ಟರ್ ಗಟ್ಟಿ. ಕಾಲು ವಾಟಿನ ರೆಸಿಸ್ಟರ್ ಹಾಕಬೇಡಿ, ಅದರ ಮೇಲೆ ಬೀಳುವುದು 0.8 ವಾಟ್, ಬೆರಳೂ ಸುಟ್ಟೀತು.

ಸಿಕ್ಕಿಸಿದೊಡನೆ ಅಡಾಪ್ಟರ್ ಸತ್ತಂತಾಗುವುದು

ಎಲ್‌ಇಡಿ ಬೆಳಗುವುದಿಲ್ಲ, ಅಥವಾ ಮಿಣುಕ್ ಮಿಣುಕ್ ಎನ್ನುತ್ತದೆ. ಪೆಡಲ್ ಕಳಚಿದರೆ ಅಡಾಪ್ಟರ್ ಮತ್ತೆ ಸರಿಹೋಗುತ್ತದೆ. ಎಲ್ಲೋ ಶಾರ್ಟ್ ಇದೆ ಎಂದೇ ಅರ್ಥ. ಮೊದಲ ಶಂಕಿತ ಪವರ್ ಜಾಕಿನ ಬೆನ್ನಿಗೇ ಇರುವ ರಕ್ಷಣಾ ಡಯೋಡ್, ಸಾಮಾನ್ಯವಾಗಿ 1ಎನ್4001. ಪಾಸಿಟಿವ್ ಮತ್ತು ಗ್ರೌಂಡ್ ನಡುವೆ ಅದನ್ನು ತಲೆಕೆಳಗಾಗಿ ಹಾಕಿರುತ್ತಾರೆ. ಯಾರಾದರೂ ಉಲ್ಟಾ ಅಡಾಪ್ಟರ್ ಸಿಕ್ಕಿಸಿದರೆ ಎಲ್ಲ ಕರೆಂಟನ್ನೂ ತಾನು ನುಂಗಿ ಐಸಿಗಳನ್ನು ಉಳಿಸುವುದು ಅದರ ಕೆಲಸ. ಹಾಗೆ ನುಂಗುತ್ತ ಹೆಚ್ಚು ಹೊತ್ತು ಕಳೆದರೆ ಒಳಗೇ ಶಾರ್ಟ್ ಆಗಿ ಕೂರುತ್ತದೆ. ಅಡಾಪ್ಟರ್ ಕಳಚಿ, ಮೀಟರಿನ ಡಯೋಡ್ ಸ್ಥಾನದಲ್ಲಿ ಎರಡೂ ದಿಕ್ಕಿನಲ್ಲಿ ಅಳೆಯಿರಿ. ಎರಡೂ ಕಡೆ ಸೊನ್ನೆಯ ಹತ್ತಿರ ತೋರಿಸಿದರೆ ಒಂದು ಕಾಲನ್ನು ಬೋರ್ಡಿನಿಂದ ಎತ್ತಿ ಮತ್ತೆ ಅಳೆಯಿರಿ. ಎತ್ತಿದ ಡಯೋಡೇ ಶಾರ್ಟ್ ಆಗಿದ್ದರೆ ನಾಲ್ಕಾಣೆ ಬೆಲೆಯ ಭಾಗಕ್ಕೆ ರಿಪೇರಿ ಮುಗಿಯಿತು. ಕೆಲವರು ಅಲ್ಲಿ 9.1 ಅಥವಾ 10 ವೋಲ್ಟಿನ ಝೀನರ್ ಹಾಕುತ್ತಾರೆ. ಅಂಥ ಪೆಡಲ್‌ಗೆ 18 ಕೊಟ್ಟರೆ ಹೊಗೆ ಮೊದಲು ಏಳುವುದು ಅಲ್ಲಿಂದಲೇ.

ಪೆಡಲ್ ಒಳಗೆ ಶಾರ್ಟ್ ಸಿಗದಿದ್ದರೆ ಕೇಬಲ್ ನೋಡಿ. ಎರಡು 9 ಸೇರಿಸಿ 18 ಮಾಡುವ ಸೀರೀಸ್ ಕೇಬಲ್ ಕೆಲಸ ಮಾಡಬೇಕಾದರೆ ಆ ಎರಡು ಔಟ್‌ಪುಟ್‌ಗಳು ಒಂದಕ್ಕೊಂದು ಸಂಬಂಧವಿಲ್ಲದ ಐಸೊಲೇಟೆಡ್ ಔಟ್‌ಪುಟ್‌ಗಳಾಗಿರಬೇಕು. ಒಂದೇ ಅಡಾಪ್ಟರಿನಿಂದ ಕವಲೊಡೆದ ಡೈಸಿ ಚೈನಿನಲ್ಲಿ ಎಲ್ಲ ಗ್ರೌಂಡ್‌ಗಳೂ ಒಂದೇ. ಅಲ್ಲಿ ಸೀರೀಸ್ ಕೇಬಲ್ ಹಾಕಿದರೆ ಮೊದಲನೆಯದರ ಪಾಸಿಟಿವ್ ಎರಡನೆಯದರ ಗ್ರೌಂಡಿಗೆ, ಅಂದರೆ ತನ್ನದೇ ಗ್ರೌಂಡಿಗೆ, ನೇರ ತಗಲುತ್ತದೆ. ಐಸೊಲೇಟೆಡ್ ಹೌದೋ ಅಲ್ಲವೋ ತಿಳಿಯಲು ಸಪ್ಲೈ ಆಫ್ ಮಾಡಿ, ಎರಡು ಪ್ಲಗ್‌ಗಳ ನಡುಪಿನ್‌ಗಳ ನಡುವೆ ಕಂಟಿನ್ಯುಟಿ ನೋಡಿ. ಬೀಪ್ ಬಂದರೆ ಐಸೊಲೇಟೆಡ್ ಅಲ್ಲ. ಮತ್ತೊಂದು, ಸೀರೀಸಿನಲ್ಲಿ ವೋಲ್ಟೇಜ್ ಕೂಡುತ್ತದೆ, ಕರೆಂಟ್ ಕೂಡುವುದಿಲ್ಲ. 100 ಮಿಲಿಆಂಪಿನ ಎರಡು ಔಟ್‌ಪುಟ್ ಸೇರಿದರೂ 18 ವೋಲ್ಟಿನಲ್ಲಿ ಸಿಗುವುದು ಅದೇ 100.

ಪಂಪ್ ಇರುವ ಪೆಡಲ್: 7.8 ಎಂಬ ಅಂಕಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ಮನೆಯಲ್ಲಿ ಕಟ್ಟುವವರಿಗೆ ಅತಿ ಹೆಚ್ಚು ಗೋಳು ಕೊಡುವ ಜಾಗ ಇದೇ.

ಬಿಲ್ ಫಿನ್ನೆಗನ್ 1994ರಲ್ಲಿ ಹೊರತಂದ ಕ್ಲೋನ್ ಸೆಂಟಾರನ್ನೇ ಮಾದರಿಯಾಗಿ ಇಟ್ಟುಕೊಳ್ಳೋಣ. ಅದರ ಸರ್ಕ್ಯೂಟ್ ಯಾರಿಗೂ ಕಾಣಬಾರದೆಂದು ಎಪಾಕ್ಸಿ ಮೆತ್ತಿದ್ದರು. ಆದರೂ ಅದು ಬಯಲಾಗಿ, ಇಂದು ಲೋಕದಲ್ಲೇ ಅತಿ ಹೆಚ್ಚು ನಕಲಾದ ಪೆಡಲ್‌ಗಳಲ್ಲಿ ಒಂದಾಗಿದೆ. ಒಳಗೆ ಎರಡು ಟಿಎಲ್072 ಆಪ್-ಆಂಪ್, ಒಂದು ಮ್ಯಾಕ್ಸ್1044. ಮೊದಲ ಆಪ್-ಆಂಪ್ ಮಾಮೂಲಿನಂತೆ 9 ವೋಲ್ಟಿನಲ್ಲಿ ನಡೆಯುತ್ತದೆ. ಕೊನೆಯಲ್ಲಿ ಸಿಗ್ನಲ್ ಬೆರೆಸುವ ಎರಡನೆಯದಕ್ಕೆ ಮೇಲಿನಿಂದ +18, ಕೆಳಗಿನಿಂದ -9, ಒಟ್ಟು 27 ವೋಲ್ಟ್. ಟಿಎಲ್072ರ ಮಿತಿ 36 ಆದ್ದರಿಂದ ಭಯವಿಲ್ಲ. +18 ಮತ್ತು -9ರ ಸರಿಮಧ್ಯ ಎಲ್ಲಿ? +4.5. 9 ವೋಲ್ಟಿನ ಅರ್ಧವೂ ಅದೇ. ಹೀಗಾಗಿ ಎರಡೂ ಆಪ್-ಆಂಪ್‌ಗಳಿಗೆ ಒಂದೇ ಬಯಾಸ್ (ಸಿಗ್ನಲ್ ಏರಿಳಿಯಲು ಆಧಾರವಾದ ನಡುವಿನ ವೋಲ್ಟೇಜ್) ಸಾಕಾಗುತ್ತದೆ. ಇಡೀ ಪೆಡಲಿನಲ್ಲಿ ನನಗೆ ಅತ್ಯಂತ ಹಿಡಿಸುವ ಜಾಣತನ ಇದು. ಆ ಹೆಸರುವಾಸಿ ಜರ್ಮೇನಿಯಂ ಡಯೋಡ್‌ಗಳಿಗಿಂತಲೂ.

ಈಗ ಅಳತೆ. ಕಪ್ಪು ಪ್ರೋಬನ್ನು ಜಾಕಿನ ಗ್ರೌಂಡಿಗೆ ಕಚ್ಚಿಸಿ. ಇನ್‌ಪುಟ್ ಜಾಕಿನಲ್ಲಿ ಗಿಟಾರ್ ಕೇಬಲ್ ಸಿಕ್ಕಿಸುವುದನ್ನು ಮರೆಯಬೇಡಿ. ಬ್ಯಾಟರಿಯಲ್ಲೂ ನಡೆಯುವ ಪೆಡಲ್‌ಗಳಲ್ಲಿ ಬ್ಯಾಟರಿಯ ನೆಗೆಟಿವ್ ತಂತಿ ಸ್ಟೀರಿಯೋ ಜಾಕಿನ ಮೂಲಕ ಹಾಯುತ್ತದೆ, ಪ್ಲಗ್ ಇಲ್ಲದೆ ಬ್ಯಾಟರಿಯಿಂದ ಸರ್ಕ್ಯೂಟ್ ಏಳುವುದೇ ಇಲ್ಲ.

ಪಂಪ್ ಐಸಿಯ 8ನೇ ಕಾಲಿನಲ್ಲಿ ಅಡಾಪ್ಟರಿನ ವೋಲ್ಟೇಜ್ ಇರಬೇಕು, 3ರಲ್ಲಿ ಸೊನ್ನೆ. 5ನೇ ಕಾಲಿನಲ್ಲಿ -8.5ರಿಂದ -9ರ ತನಕ. 2ನೇ ಕಾಲಿನಲ್ಲಿ? ಅದು ಸೊನ್ನೆಗೂ 9ಕ್ಕೂ ನಡುವೆ ಸೆಕೆಂಡಿಗೆ ಸಾವಿರಾರು ಸಲ ನೆಗೆಯುತ್ತಿರುತ್ತದೆ. ಡಿಸಿ ಮೀಟರ್ ಅದರ ಸರಾಸರಿಯನ್ನು, ಅಂದರೆ 4.5ರ ಸುಮಾರನ್ನು, ತೋರಿಸುತ್ತದೆ. 4ನೇ ಕಾಲು ಅದೇ ರೀತಿ ಸೊನ್ನೆಯ ಕೆಳಗೆ, -4.5ರ ಸುಮಾರು. ಆಸಿಲೋಸ್ಕೋಪ್ ಇಲ್ಲದವರಿಗೆ ಪಂಪ್ ಜೀವಂತವಿದೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ. 2ನೇ ಕಾಲು 9ಕ್ಕೋ ಸೊನ್ನೆಗೋ ಅಂಟಿಕೊಂಡಿದ್ದರೆ ಪಂಪ್ ಓಡುತ್ತಿಲ್ಲ.

ದುಪ್ಪಟ್ಟಾದ ವೋಲ್ಟೇಜ್ ಎರಡು ಡಯೋಡ್ ದಾಟಿ ಹೊರಬರುತ್ತದೆ. ಆದ್ದರಿಂದ ನಿಖರ 18 ಯಾವತ್ತೂ ಸಿಗುವುದಿಲ್ಲ. 1ಎನ್4148 ಅಥವಾ 1ಎನ್4001 ಹಾಕಿದ್ದರೆ ಒಂದೊಂದರಲ್ಲೂ ಸುಮಾರು 0.6 ಕಳೆದು 16.8ರ ಸುಮಾರು; 1ಎನ್5817ರಂಥ ಶಾಟ್ಕಿ ಡಯೋಡ್ ಆದರೆ 17.5ರ ಹತ್ತಿರ. ಲೋಡ್ ಬಿದ್ದಾಗ ಇನ್ನೂ ತುಸು ಇಳಿಯುತ್ತದೆ. 16.5 ಕಂಡು ಗಾಬರಿಯಾಗಿ ಐಸಿ ಬದಲಿಸುವ ಅಗತ್ಯವಿಲ್ಲ.

ಅದೇ ಜಾಗದಲ್ಲಿ 7.8 ಕಂಡರೆ ಮಾತ್ರ ಪಂಪ್ ನಿಂತಿದೆ ಎಂದೇ ತಿಳಿಯಿರಿ. ಪಂಪ್ ನಿಂತಾಗ ಸಪ್ಲೈಯ 9 ವೋಲ್ಟ್ ಅದೇ ಎರಡು ಡಯೋಡ್‌ಗಳ ಮೂಲಕ ಸುಮ್ಮನೆ ಹಾದು ಹೊರಬರುತ್ತದೆ: 9ರಲ್ಲಿ 1.2 ಕಳೆದರೆ 7.8. ಶಾಟ್ಕಿ ಇದ್ದರೆ 8.5. ಪೆಡಲ್ ಆಗಲೂ ಸದ್ದು ಮಾಡುತ್ತದೆ! ಎರಡರಷ್ಟು ಹೆಡ್‌ರೂಮ್ (ನಾದ ಒಡೆಯದೆ ಸಿಗ್ನಲ್ ಏರಿಳಿಯುವ ಜಾಗ) ಎಂದುಕೊಂಡವರು 9 ವೋಲ್ಟಿಗಿಂತ ಕಡಿಮೆಯಲ್ಲಿ ನುಡಿಸುತ್ತ, "18 ವೋಲ್ಟ್ ಅಂದರೆ ಅಂಥ ವ್ಯತ್ಯಾಸವೇನೂ ಇಲ್ಲ" ಎಂದು ತೀರ್ಪು ಕೊಡುತ್ತಾರೆ.

ಸೊನ್ನೆ ಕಂಡರೆ ಡಯೋಡ್ ಒಂದು ತಿರುಗಾಮುರುಗಾ ಕೂತಿದೆ, ಇಲ್ಲವೇ ಆ ಲೈನಿನಲ್ಲಿ ಶಾರ್ಟ್ ಇದೆ. 12-13ರಲ್ಲಿ ತೊಳಲಾಡುತ್ತಿದ್ದರೆ ಲೋಡ್ ಹೆಚ್ಚಾಗಿದೆ ಅಥವಾ ಕೆಪಾಸಿಟರ್ ಸಣ್ಣದಾಗಿದೆ. ಆಪ್-ಆಂಪನ್ನು ಸಾಕೆಟಿನಿಂದ ಕಿತ್ತು ಮತ್ತೆ ಅಳೆಯಿರಿ. ಅಂಕಿ 17ಕ್ಕೆ ನೆಗೆದರೆ ಪಂಪ್ ನಿರಪರಾಧಿ. ಆಪ್-ಆಂಪ್ ಕೆಟ್ಟಿರಬಹುದು, ಅಥವಾ ಉಲ್ಟಾ ಕೂತಿರಬಹುದು. ನೆಗೆಯದಿದ್ದರೆ ಪಂಪಿನ ಕೆಪಾಸಿಟರ್‌ಗಳನ್ನು ನೋಡಿ: 10 ಮೈಕ್ರೋಫ್ಯಾರಡ್ ಇರಬೇಕಾದಲ್ಲಿ 1 ಹಾಕಿದ್ದರೂ ಹೀಗಾಗುತ್ತದೆ. ಜೊತೆಗೆ ಪಂಪಿನಿಂದ 10 ಮಿಲಿಆಂಪ್ ಪಡೆದರೆ ಅದು ಅಡಾಪ್ಟರಿನಿಂದ 20ಕ್ಕೂ ಹೆಚ್ಚು ಎಳೆಯುತ್ತದೆ ಎಂಬುದು ಗಮನದಲ್ಲಿರಲಿ. 7660 ಮತ್ತು 1044ಗಳಿಗೆ 10-20 ಮಿಲಿಆಂಪ್ ಮೀರಿದರೆ ಏದುಸಿರು. 100ರ ಹತ್ತಿರ ಬೇಕೆಂದರೆ ಎಲ್‌ಟಿ1054. ಎಲ್‌ಇಡಿಯನ್ನು ದುಪ್ಪಟ್ಟಾದ ಲೈನಿಗೆ ಕಟ್ಟಿದ್ದರೆ ಬಿಚ್ಚಿ 9ರ ಲೈನಿಗೆ ತನ್ನಿ.

ಎಲೆಕ್ಟ್ರೋಲೈಟಿಕ್ ಕೆಪಾಸಿಟರ್‌ಗಳ ದಿಕ್ಕಿನಲ್ಲಿ ಮೋಸಹೋಗುವುದು ನೆಗೆಟಿವ್ ಲೈನಿನಲ್ಲಿ. 5ನೇ ಕಾಲಿನ ಕೆಪಾಸಿಟರಿನ ಪಾಸಿಟಿವ್ ಗ್ರೌಂಡಿಗೆ ಬರಬೇಕು, ನೆಗೆಟಿವ್ 5ಕ್ಕೆ. ಗ್ರೌಂಡ್ ಅಂದರೆ ನೆಗೆಟಿವ್ ಎಂಬ ಅಭ್ಯಾಸದಿಂದ ಕೈ ತಾನಾಗಿ ಉಲ್ಟಾ ಹಾಕುತ್ತದೆ. 2 ಮತ್ತು 4ರ ನಡುವಿನದಕ್ಕೆ 2ರ ಕಡೆ ಪಾಸಿಟಿವ್. ಡಯೋಡ್‌ಗಳ ಸಂಧಿಗೂ 2ನೇ ಕಾಲಿಗೂ ನಡುವಿನದಕ್ಕೆ ಸಂಧಿಯ ಕಡೆ ಪಾಸಿಟಿವ್.

ಐಸಿ ಬದಲಿಸುವಾಗ ಒಂದು ಬಲೆ ಕಾದಿರುತ್ತದೆ. ಮ್ಯಾಕ್ಸ್1044 ಮತ್ತು ಟಿಸಿ1044ಎಸ್‌ನಲ್ಲಿ 1ನೇ ಕಾಲು ಬೂಸ್ಟ್. ಅದನ್ನು 8ಕ್ಕೆ ಜೋಡಿಸಿದರೆ ಪಂಪಿನ ವೇಗ ಹಲವು ಪಟ್ಟು ಏರುತ್ತದೆ. ಹಾಗಾಗಿ ಬೋರ್ಡಿನಲ್ಲಿ 1 ಮತ್ತು 8ರ ನಡುವೆ ಜಂಪರ್ ಇರುತ್ತದೆ. ಎಲ್‌ಟಿ1054ರಲ್ಲಿ ಅದೇ 1ನೇ ಕಾಲು ಫೀಡ್‌ಬ್ಯಾಕ್ ಮತ್ತು ಶಟ್‌ಡೌನ್, ಅಲ್ಲಿಗೆ 9 ವೋಲ್ಟ್ ಹೋಗಲೇಬಾರದು. "ಗಟ್ಟಿಮುಟ್ಟಾದ ಐಸಿ" ಎಂದು 1054 ತಂದು ಅದೇ ಸಾಕೆಟಿಗೆ ತುರುಕಿದರೆ ಕೆಲಸ ಕೆಡುತ್ತದೆ. ಜಂಪರ್ ಕತ್ತರಿಸಿ, ಇಲ್ಲವೇ 1ನೇ ಕಾಲನ್ನು ಸಾಕೆಟಿನ ಹೊರಗೆ ಮಡಚಿ ಕೂರಿಸಿ. ಇನ್ನು ಸಾದಾ ಐಸಿಎಲ್7660ರಲ್ಲಿ 1ನೇ ಕಾಲಿಗೆ ಒಳಗೆ ಸಂಪರ್ಕವೇ ಇಲ್ಲ, ಜಂಪರಿನಿಂದ ಲಾಭವೂ ಇಲ್ಲ. ಕೊನೆಯ 'ಎಸ್' ಅಕ್ಷರಕ್ಕೆ ಇಷ್ಟು ಬೆಲೆ ಇರುವುದರಿಂದ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವಾಗ ಪೂರ್ತಿ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ; ಬರೀ "7660" ಎಂದು ಕೇಳಿದರೆ ಡಬ್ಬಿಯಲ್ಲಿ ಇರುವುದು ಕೈಗೆ ಬರುತ್ತದೆ.

ವೋಲ್ಟೇಜ್ ಸರಿ ಇದೆ, ಆದರೂ ನಾದ ಹರಕಲು

ಆಪ್-ಆಂಪಿನ 8ನೇ ಕಾಲಿನಲ್ಲಿ 17 ಇದೆ, 4ರಲ್ಲಿ ಸೊನ್ನೆ ಇದೆ, ಸದ್ದೂ ಬರುತ್ತಿದೆ. ಆದರೆ ಜೋರಾಗಿ ಮೀಟಿದರೆ ಬೇಗನೆ ಒಡೆಯುತ್ತದೆ. ಔಟ್‌ಪುಟ್ ಕಾಲುಗಳನ್ನು, ಅಂದರೆ 1 ಮತ್ತು 7ನ್ನು, ಅಳೆಯಿರಿ. ಸಪ್ಲೈಯ ಅರ್ಧ, 8.5ರ ಸುಮಾರು ಇರಬೇಕು. 4.5 ಕಂಡರೆ ಬಯಾಸ್ ಕೊಡುವ ರೆಸಿಸ್ಟರ್ ಜೋಡಿ ಇನ್ನೂ 9ರ ಲೈನಿನಲ್ಲೇ ಉಳಿದಿದೆ. 9 ವೋಲ್ಟಿನ ಪೆಡಲನ್ನು ಪಂಪ್ ಸೇರಿಸಿ ಮಾರ್ಪಡಿಸಿದಲ್ಲಿ ಈ ದೋಷ ಸಾಮಾನ್ಯ. ಸಿಗ್ನಲಿಗೆ ಮೇಲೆ 12 ವೋಲ್ಟ್ ಜಾಗ ಇದ್ದರೂ ಕೆಳಗೆ 4.5 ಮಾತ್ರ, ಕೆಳಭಾಗ 9 ವೋಲ್ಟಿನಲ್ಲಿ ಒಡೆಯುತ್ತಿದ್ದ ಕಡೆಯೇ ಒಡೆಯುತ್ತದೆ. (ಮೇಲೆ ಹೇಳಿದ ಕ್ಲೋನ್ ಜಾತಿಯಲ್ಲಿ ಮಾತ್ರ 4.5 ಸರಿ. ಅಲ್ಲಿ 4ನೇ ಕಾಲು ಸೊನ್ನೆಯಲ್ಲ, -9.) ಜೆಫೆಟ್ ಪೆಡಲ್ ಆದರೆ ಪ್ರತಿ ಡ್ರೇನಿನ (ಜೆಫೆಟ್ಟಿನ ಒಂದು ಕಾಲು) ಟ್ರಿಮ್‌ಪಾಟನ್ನೂ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಪುಟ್ಟ ಗುಂಡಿ) ಹೊಸ ವೋಲ್ಟೇಜಿಗೆ ಮತ್ತೆ ಹೊಂದಿಸಬೇಕು, ಅರ್ಧದಿಂದ ಶುರುಮಾಡಿ, ಆಮೇಲೆ ಕಿವಿಗೆ ಬಿಡಿ.

ಇಲ್ಲಿ ಮೀಟರೇ ಸುಳ್ಳು ಹೇಳುವುದುಂಟು. ಬಯಾಸ್ ವೋಲ್ಟೇಜ್ ಆಪ್-ಆಂಪಿನ ಇನ್‌ಪುಟ್ ಕಾಲಿಗೆ ಬರುವುದು ಹಲವು ಸಲ 1 ಮೆಗಾಓಮ್ ರೆಸಿಸ್ಟರಿನ ಮೂಲಕ. ಅಗ್ಗದ ಹಳದಿ ಡಿಟಿ-830 ಮಾದರಿಯ ಮೀಟರಿನ ಒಳತಡೆಯೂ 1 ಮೆಗಾಓಮ್. ಪ್ರೋಬ್ ತಾಗಿಸಿದೊಡನೆ ಎರಡೂ ಸೇರಿ ವೋಲ್ಟೇಜನ್ನು ಸರಿಯಾಗಿ ಅರ್ಧ ಮಾಡಿಬಿಡುತ್ತವೆ: ಇರುವುದು 9, ಕಾಣುವುದು 4.5. ಒಳತಡೆ 10 ಮೆಗಾಓಮ್ ಇರುವ ಮೀಟರಿನಲ್ಲೂ 8.2 ಎಂದೇ ಕಾಣುತ್ತದೆ. ಇಲ್ಲದ ದೋಷವನ್ನು ಹುಡುಕುವ ಬದಲು ಇನ್‌ಪುಟ್ ಕಾಲನ್ನು ಬಿಟ್ಟು ಔಟ್‌ಪುಟ್ ಕಾಲನ್ನು ಅಳೆಯಿರಿ. ಅಲ್ಲಿ ಮೀಟರಿನ ಭಾರ ಲೆಕ್ಕಕ್ಕೆ ಬರುವುದಿಲ್ಲ.

ಸೀಟಿ, ಗುಂಯ್, ಮತ್ತು ಇಬ್ಬರು ಸೇರಿದಾಗ ಮಾತ್ರ ಬರುವ ಸದ್ದು

ಸದ್ದಿನ ಸ್ವರವೇ ಮೂಲವನ್ನು ಹೇಳುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್. ಅಡಾಪ್ಟರಿನಲ್ಲಿ ರೆಕ್ಟಿಫೈ ಆದಾಗ ಉಳಿಯುವ ಏರಿಳಿತ 100 ಹರ್ಟ್ಸ್. ಗಿಟಾರಿನ ಆರನೇ ತಂತಿಯ ಮೂರನೇ ಫ್ರೆಟ್ಟಿನ ಸ್ವರ 98 ಹರ್ಟ್ಸ್. ಅದನ್ನು ಮೀಟಿ ನೋಡಿ. ಗುಂಯ್ ಅದರ ಮಗ್ಗುಲಲ್ಲೇ ಕೂತರೆ ಅಡಾಪ್ಟರಿನ ಫಿಲ್ಟರ್ ಸಾಲುತ್ತಿಲ್ಲ. ಅದಕ್ಕಿಂತ ಒಂದು ಆಕ್ಟೇವ್ ಕೆಳಗಿದ್ದರೆ ಗ್ರೌಂಡ್ ಲೂಪ್, ಶೀಲ್ಡ್ ಕಿತ್ತ ಕೇಬಲ್, ಮುಚ್ಚಳ ಹಾಕದ ಡಬ್ಬಿ ಇವುಗಳ ಕಡೆ ನೋಡಿ.

ಚಾರ್ಜ್ ಪಂಪಿನ ಸದ್ದು ಇದಲ್ಲ. ಬೂಸ್ಟ್ ಕಾಲು ಜೋಡಿಸದ ಪಂಪ್ 5ರಿಂದ 10 ಕಿಲೋಹರ್ಟ್ಸಿನಲ್ಲಿ ಓಡುತ್ತದೆ. ಗಿಟಾರಿನ 24ನೇ ಫ್ರೆಟ್ಟಿನ ಕೊನೆಯ ಸ್ವರವೇ ಸುಮಾರು 1,319 ಹರ್ಟ್ಸ್. ಈ ಕೀಂಯ್ ಅದಕ್ಕಿಂತ ಬಹಳ ಮೇಲೆ, ಗೇನ್ ಏರಿಸಿದಂತೆ ಇನ್ನೂ ತೀಕ್ಷ್ಣ. ಮದ್ದು ಸರಳ: 1ನೇ ಕಾಲನ್ನು 8ಕ್ಕೆ ಜೋಡಿಸಿ ವೇಗವನ್ನು ಕಿವಿಗೆ ನಿಲುಕದಷ್ಟು ಏರಿಸುವುದು (1044 ಮತ್ತು 7660ಎಸ್‌ನಲ್ಲಿ ಮಾತ್ರ), ಅಥವಾ 25 ಕಿಲೋಹರ್ಟ್ಸಿನಲ್ಲಿ ಓಡುವ ಎಲ್‌ಟಿ1054ಕ್ಕೆ ಹೊರಳುವುದು. ಅಷ್ಟಕ್ಕೂ ಹೋಗದಿದ್ದರೆ ದುಪ್ಪಟ್ಟಾದ ಲೈನಿನಲ್ಲಿ 100 ಓಮ್ ಸಾಲಾಗಿ, ಅದರಾಚೆ 100 ಮೈಕ್ರೋಫ್ಯಾರಡ್ ಗ್ರೌಂಡಿಗೆ. ಈ ಜೋಡಿ 16 ಹರ್ಟ್ಸಿನಿಂದ ಮೇಲಿನದನ್ನು ಮೊಟಕುತ್ತದೆ. 5 ಮಿಲಿಆಂಪ್ ಎಳೆಯುವ ಪೆಡಲಿಗೆ ತಗಲುವ ಖರ್ಚು ಅರ್ಧ ವೋಲ್ಟ್. ಪಂಪಿನ ಗ್ರೌಂಡ್ ತಂತಿಯನ್ನು ಆಡಿಯೋ ಗ್ರೌಂಡಿನ ದಾರಿಯಲ್ಲಿ ಸೇರಿಸದೆ ನೇರ ಪವರ್ ಜಾಕಿಗೆ ಒಯ್ಯುವುದರಿಂದ ಆಗುವ ಉಪಕಾರ ಇವೆಲ್ಲಕ್ಕಿಂತ ದೊಡ್ಡದು. ಇನ್‌ಪುಟ್ ತಂತಿ ಪಂಪಿನ ಮೇಲೆ ಹಾದುಹೋಗಿದ್ದರೆ ಬೇರೆ ದಾರಿಗೆ ತಿರುಗಿಸಿ.

ವಿಚಿತ್ರವಾದದ್ದು ಇನ್ನೊಂದಿದೆ. ಪೆಡಲ್ ಒಂಟಿಯಾಗಿದ್ದಾಗ ನಿಶ್ಶಬ್ದ, ಪಂಪ್ ಇರುವ ಮತ್ತೊಂದು ಪೆಡಲ್ ಅಥವಾ ಅನಲಾಗ್ ಡಿಲೇ ಅದೇ ಡೈಸಿ ಚೈನಿಗೆ ಸೇರಿದೊಡನೆ ಸೀಟಿ. ಒಂದರ ಗಡಿಯಾರ 25 ಕಿಲೋಹರ್ಟ್ಸ್, ಇನ್ನೊಂದರದು 26.2 ಎಂದಿಟ್ಟುಕೊಳ್ಳಿ. ಎರಡೂ ಕೇಳಿಸುವುದಿಲ್ಲ, ಆದರೆ ಅವುಗಳ ವ್ಯತ್ಯಾಸ 1.2 ಕಿಲೋಹರ್ಟ್ಸ್ ಕೇಳಿಸುತ್ತದೆ. ಡಿಲೇಯ ಟೈಮ್ ಗುಂಡಿ ತಿರುಗಿಸಿದಂತೆ ಸೀಟಿಯ ಸ್ವರ ಏರಿಳಿದರೆ ರೋಗ ಇದೇ. ಎರಡು ಪೆಡಲ್‌ಗಳಲ್ಲೂ ಕೆಟ್ಟದ್ದು ಏನೂ ಇಲ್ಲ. ಇಬ್ಬರಿಗೂ ಬೇರೆ ಬೇರೆ ಐಸೊಲೇಟೆಡ್ ಔಟ್‌ಪುಟ್ ಕೊಡಿ.

18ಕ್ಕೆ ಸಾಯುವ ಭಾಗಗಳು

ಪಂಪೂ ಬಯಾಸೂ ಸರಿ ಇದ್ದು ಪೆಡಲ್ ಮೌನವಾಗಿದ್ದರೆ ಯಾವುದೋ ಭಾಗ ಹೆಚ್ಚುವರಿ ವೋಲ್ಟಿಗೆ ಬಲಿಯಾಗಿರಬಹುದು. ಪುಟ್ಟ ಆಂಪ್ ಐಸಿ ಎಲ್‌ಎಂ386ರ ಸಾಮಾನ್ಯ ರೂಪವಾದ ಎನ್-1 12 ವೋಲ್ಟಿಗೆ ಮಾಡಿದ್ದು. 18 ಬೇಕೆಂದರೆ ಎನ್-4. ಸಿಗ್ನಲನ್ನು ತಡಮಾಡಿ ಕೊಡುವ ಎಂಎನ್3207 ಬಕೆಟ್ ಬ್ರಿಗೇಡ್ ಐಸಿ 10 ದಾಟುವಂತಿಲ್ಲ, ಎಂಎನ್3007 15ರವರೆಗೆ. ಡಿಲೇಗಳಲ್ಲಿ ಬರುವ ಪಿಟಿ2399ಕ್ಕೆ 5 ವೋಲ್ಟೇ ಬೇಕು, ಅದರ ಮುಂದಿನ 78ಎಲ್05 ಆ ಕೆಲಸ ಮಾಡುತ್ತದೆ; ಆದರೆ 18ರಿಂದ 5ಕ್ಕೆ ಇಳಿಸುವಾಗ 13 ವೋಲ್ಟಿನ ಶಾಖವೆಲ್ಲ ಆ ಪುಟ್ಟ ರೆಗ್ಯುಲೇಟರಿನದೇ. ಮುಟ್ಟಿದರೆ ಚುರುಕ್ ಎಂದರೆ ಅದನ್ನು 9ರ ಲೈನಿಗೆ ಒಯ್ಯಿರಿ. 4049ರಂಥ ಸಿಮಾಸ್ ಐಸಿಗಳ ಕೆಲಸದ ಮಿತಿಯೇ 18. ಎರಡು ಹೊಸ ಆಲ್ಕಲೈನ್ ಬ್ಯಾಟರಿ ಸಾಲಾಗಿಟ್ಟರೆ 19 ಬರುತ್ತದೆ ಎಂಬುದನ್ನು ನೆನಪಿಡಿ.

ಎಲೆಕ್ಟ್ರೋಲೈಟಿಕ್‌ಗಳ ಮೈಮೇಲಿನ ಅಂಕಿ ಓದಿ. 9 ವೋಲ್ಟಿನ ಪೆಡಲ್‌ಗೆ 16 ವೋಲ್ಟಿನವು ಧಾರಾಳ. 18ರ ಲೈನಿನಲ್ಲಿ ಅವು ಕೆಲವು ದಿನ ಸುಮ್ಮನಿದ್ದು ಆಮೇಲೆ ಸೋರಲು ಶುರುಮಾಡುತ್ತವೆ. ತಲೆ ಉಬ್ಬಿದೆಯೇ ನೋಡಿ. 25 ಸಾಕು, 35 ಉತ್ತಮ.

ನೀಲಿ ಬೋರ್ಡು

ಎಂಟಿ3608 ಬೂಸ್ಟ್ ಮಾಡ್ಯೂಲ್ ಅಗ್ಗ, 9ರಿಂದ 18 ಅಥವಾ 24ನ್ನು ಸಲೀಸಾಗಿ ಎತ್ತುತ್ತದೆ, ಮಿತಿ 28. ಪೆಡಲಿಗೆ ಜೋಡಿಸುವ ಮೊದಲೇ ವೋಲ್ಟೇಜ್ ಹೊಂದಿಸಿ. ಟ್ರಿಮ್‌ಪಾಟ್ ಹಲವು ಸುತ್ತಿನದು. ಮೊದಲ ಸುತ್ತುಗಳಲ್ಲಿ ಅಂಕಿ ಅಲುಗದಿದ್ದರೆ ಕೆಟ್ಟಿದೆ ಎಂದು ಎಸೆಯಬೇಡಿ, ತಿರುಗಿಸುತ್ತಲೇ ಇರಿ. ಇದು ಏರಿಸುತ್ತದೆಯೇ ಹೊರತು ಇಳಿಸುವುದಿಲ್ಲ.

ಇದರ ದೋಷ ಸದ್ದಿನದು. 1.2 ಮೆಗಾಹರ್ಟ್ಸಿನಲ್ಲಿ ಓಡುವುದು ಹೇಗೆ ಕೇಳಿಸೀತು ಎಂದು ಅನಿಸಬಹುದು. ಆದರೆ ಲೋಡ್ ತೀರಾ ಹಗುರವಾದಾಗ ಈ ಐಸಿ ಮಿಡಿತಗಳನ್ನು ಬಿಟ್ಟು ಬಿಟ್ಟು ಕೊಡುತ್ತದೆ; ಆ ಬಿಡುವಿನ ಲಯ ಕಿವಿಯ ವ್ಯಾಪ್ತಿಗೆ ಇಳಿಯುತ್ತದೆ. ಪೆಡಲಿನ ಕೆಲವೇ ಮಿಲಿಆಂಪ್ ಇದಕ್ಕೆ ಹಗುರ ಲೋಡೇ. ಔಟ್‌ಪುಟ್ಟಿಗೆ 1.8 ಕಿಲೋಓಮ್, ಅರ್ಧ ವಾಟಿನ ರೆಸಿಸ್ಟರ್ ಅಡ್ಡ ಹಾಕಿ 10 ಮಿಲಿಆಂಪ್ ಸುಮ್ಮನೆ ಹರಿಯಬಿಡಿ. ಸದ್ದು ಬದಲಾದರೆ ಅಥವಾ ಅಡಗಿದರೆ ಕಾರಣ ಸಿಕ್ಕಿತು. ಆಮೇಲೆ ಮೇಲೆ ಹೇಳಿದ 100 ಓಮಿನ ಫಿಲ್ಟರ್ ಸೇರಿಸಿ. ನನ್ನನ್ನು ಕೇಳಿದರೆ 18ಕ್ಕೆ ಚಾರ್ಜ್ ಪಂಪೇ ಸಾಕು, ಈ ಬೋರ್ಡು 24ಕ್ಕೆ ಇರಲಿ.

12ಎಎಕ್ಸ್7 ವ್ಯಾಲ್ವಿಗೆ 200-250 ವೋಲ್ಟ್ ಎತ್ತುವ ಪೆಡಲ್ ಆದರೆ ಈ ಬರಹದ ಅಳತೆಯ ಕ್ರಮವನ್ನು ಹಾಗೇ ಅನ್ವಯಿಸಬೇಡಿ. 12.6 ವೋಲ್ಟ್, 150 ಮಿಲಿಆಂಪಿನ ಹೀಟರ್ ಬೆಳಗುತ್ತಿದೆಯೇ ಎಂದು ಹೊರಗಿನಿಂದ ನೋಡಬಹುದು. ಒಳಗೆ ಕೈಹಾಕುವ ಮೊದಲು ಪ್ಲಗ್ ಕಿತ್ತು, ಹೈವೋಲ್ಟೇಜ್ ಕೆಪಾಸಿಟರನ್ನು 10 ಕಿಲೋಓಮ್, 5 ವಾಟಿನ ರೆಸಿಸ್ಟರಿನ ಮೂಲಕ ಬರಿದುಮಾಡಿ, ಬರಿದಾಗಿದೆ ಎಂದು ಮೀಟರಿನಲ್ಲಿ ನೋಡಿದ ಮೇಲೆಯೇ ಮುಟ್ಟಿ.

ರಿಪೇರಿ ಮುಗಿದ ಪೆಡಲನ್ನು ಮುಚ್ಚುವ ಮೊದಲು ಅಡಾಪ್ಟರ್ ತುದಿ, ದುಪ್ಪಟ್ಟಾದ ಲೈನ್, ಆಪ್-ಆಂಪ್ ಔಟ್‌ಪುಟ್ ಈ ಮೂರು ಅಂಕಿಗಳನ್ನು ಮುಚ್ಚಳದ ಒಳಮೈಗೆ ಮಾರ್ಕರಿನಲ್ಲಿ ಬರೆದಿಡಿ. ಹೊರಗೆ, ಪವರ್ ಜಾಕಿನ ಮಗ್ಗುಲಲ್ಲಿ: "9 ಮಾತ್ರ. ಒಳಗೆ ಪಂಪ್ ಇದೆ."